ಕಳ್ಳ ಮನೆಗೆ ನುಗ್ಗಿದ್ರೆ ಎಷ್ಟು ಹೊಡೀಬಹುದು?

ಈ ಸಲ ಟೆಕ್ನಿಕಲ್ ಲೇಖನ ಬೇಡ, ಬೇರೆ ಏನಾದ್ರೂ ಬರಿ ಅಂತ ಸಂಪಾದಕರು ಹೇಳಿದ್ರು. ಹಾಗಾಗಿ ಕಾನೂನಿನ ಬಗ್ಗೆ ಬರೀತಿದ್ದೀನಿ. ಆದರೂ ಮಧ್ಯದಲ್ಲಿ ಸ್ವಲ್ಪ ಓಮ್ಸ್ ಲಾ ಬರತ್ತೆ, ಅದನ್ನ ತಪ್ಪಿಸೋಕೆ ಆಗಲಿಲ್ಲ.

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಫಾರ್ವರ್ಡ್ ಬಂದಿರಬಹುದು. ಹೊಸ ಕಾನೂನು ಬಂದಿದೆಯಂತೆ, ಸೂರ್ಯ ಮುಳುಗಿದ ಮೇಲೆ ಕಳ್ಳ ಮನೆಯೊಳಗೆ ಬಂದರೆ ಅವನನ್ನ ಕೊಂದರೂ ಕೇಸ್ ಇಲ್ಲವಂತೆ, ಎಲ್ಲರಿಗೂ ಶೇರ್ ಮಾಡಿ ಅಂತ. ಕೆಳಗೆ ಹತ್ತು ಜನ ಥಂಬ್ಸ್ ಅಪ್ ಹಾಕಿರ್ತಾರೆ. ಇದು ಪೂರ್ತಿ ಸುಳ್ಳಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಇದು ಅರ್ಧ ನಿಜ, ಅದೇ ತೊಂದರೆ.

ಮೊದಲು "ಹೊಸ ಕಾನೂನು" ಅನ್ನೋದನ್ನ ನೋಡೋಣ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್ ಬಂತು. ಅದರಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಖಾಸಗಿ ರಕ್ಷಣೆಯ ಹಕ್ಕಿನ ಬಗ್ಗೆ. ಹಳೆ ಐಪಿಸಿಯಲ್ಲಿ ಇವೇ 96ರಿಂದ 106. ನಂಬರ್ ಬದಲಾಗಿದೆ, ಒಳಗಿನ ಮಾತು ಹೆಚ್ಚುಕಡಿಮೆ ಅದೇ. ಐಪಿಸಿ ಪಾಸ್ ಆಗಿದ್ದು 1860ರಲ್ಲಿ, ಅದರ ಮೊದಲ ಕರಡು ತಯಾರಾಗಿದ್ದು 1837ರಲ್ಲಿ ಮೆಕಾಲೆ ನೇತೃತ್ವದಲ್ಲಿ. ಇಲ್ಲಿನ ಜನ ಡಕಾಯಿತರ ಎದುರು ಸುಮ್ಮನೆ ತಲೆ ತಗ್ಗಿಸ್ತಾರೆ, ಅವರಿಗೆ ಎದುರು ನಿಲ್ಲೋ ಧೈರ್ಯ ಬರಬೇಕು ಅನ್ನೋ ಯೋಚನೆ ಆ ಕರಡಿನ ಹಿಂದೆ ಇತ್ತು. ನಮ್ಮನ್ನ ಆಳೋಕೆ ಬಂದವರೇ ನಮಗೆ ಎದುರು ನಿಲ್ಲೋದನ್ನ ಕಲಿಸೋಕೆ ಹೊರಟಿದ್ದು ತಮಾಷೆಯಾಗೇ ಇದೆ. ಆದರೆ ಅದರಿಂದ ನಮಗೆ ಸಿಕ್ಕ ಹಕ್ಕು ದೊಡ್ಡದು. ನಮ್ಮ ದೇಹವನ್ನ ಮಾತ್ರ ಅಲ್ಲ, ಬೇರೆಯವರ ದೇಹವನ್ನೂ ಕಾಪಾಡಬಹುದು. ನಮ್ಮ ಆಸ್ತಿ ಮಾತ್ರ ಅಲ್ಲ, ಪಕ್ಕದ ಮನೆಯವರ ಆಸ್ತಿಯನ್ನೂ ಕಾಪಾಡಬಹುದು. ಕಳ್ಳತನ, ದರೋಡೆ, ಆಸ್ತಿ ಹಾಳು ಮಾಡೋದು, ಅಕ್ರಮವಾಗಿ ನುಗ್ಗೋದು, ಇವುಗಳ ವಿರುದ್ಧ. ಪಿಜಿಯಲ್ಲಿರೋರಿಗೂ, ಬಾಡಿಗೆ ಮನೆಯಲ್ಲಿರೋರಿಗೂ, ಒಂದು ರಾತ್ರಿಗೆ ಅಂತ ಬಂದ ನೆಂಟರಿಗೂ ಈ ಹಕ್ಕು ಇದೆ. ಮನೆ ಪತ್ರ ನಿಮ್ಮ ಹೆಸರಲ್ಲಿ ಇರಬೇಕಾಗಿಲ್ಲ.

ಪತ್ರ ಇರೋನೇ ನುಗ್ಗಿದ್ರೆ? ಅದಕ್ಕೂ ಒಂದು ತೀರ್ಪಿದೆ. 1968ರ ಮುನ್ಷಿ ರಾಮ್ ಕೇಸಲ್ಲಿ ದೆಹಲಿಯ ಒಂದು ಜಮೀನನ್ನ ಅನುಭೋಗದಲ್ಲಿ ಇಟ್ಕೊಂಡಿದ್ದೋರ ಕಡೆಯವರು, ಅದನ್ನ ವಶಕ್ಕೆ ತಗೊಳ್ಳೋಕೆ ಟ್ರಾಕ್ಟರ್ ತಂದ ಕೊಂಡವನ ಕಡೆಯವರನ್ನ ಹೊಡೆದು ಓಡಿಸಿದ್ರು. ಸುಪ್ರೀಂ ಕೋರ್ಟ್ ಅವರನ್ನ ಬಿಡುಗಡೆ ಮಾಡ್ತು. ನೆಲೆ ನಿಂತು ಅನುಭವಿಸ್ತಿರೋನನ್ನ ಎಬ್ಬಿಸಬೇಕಾದ್ರೆ ಕಾನೂನಿನ ದಾರಿಯಲ್ಲೇ ಹೋಗಬೇಕು, ತೋಳ್ಬಲ ತೋರಿಸೋ ಹಾಗಿಲ್ಲ. ಲಗೇಜ್ ಹೊರಗೆ ಎಸೀತೀನಿ ಅನ್ನೋ ಓನರ್‌ಗಳಿಗೆ ಇದನ್ನ ಓದಿ ಹೇಳಬಹುದು.

ಈಗ ಮುಖ್ಯ ವಿಷಯ, ಕೊಲ್ಲೋ ತನಕ ಹೋಗಬಹುದಾ? ಆಸ್ತಿ ರಕ್ಷಣೆಯಲ್ಲಿ ಸಾವಿನ ತನಕ ಹಕ್ಕು ಹೋಗೋದು ನಾಲ್ಕು ಸಂದರ್ಭದಲ್ಲಿ ಅಂತ 41ನೇ ಸೆಕ್ಷನ್ ಹೇಳತ್ತೆ. ಹೊಡೆದು ಹೆದರಿಸಿ ಕಿತ್ಕೊಳ್ಳೋ ದರೋಡೆ ಒಂದು. ಸೂರ್ಯ ಮುಳುಗಿದ ಮೇಲಿಂದ ಹುಟ್ಟೋದರೊಳಗೆ ಮನೆಗೆ ಕನ್ನ ಹಾಕೋದು ಇನ್ನೊಂದು. ಜನ ವಾಸ ಮಾಡೋ ಅಥವಾ ಸಾಮಾನು ಇಡೋ ಕಟ್ಟಡಕ್ಕೆ ಬೆಂಕಿ ಇಡೋದು, ಸ್ಫೋಟಕ ಹಾಕೋದು ಮೂರನೇದು. ಕೊನೇದು ಕಳ್ಳತನ, ಹಾನಿ ಅಥವಾ ಮನೆಯೊಳಗೆ ನುಗ್ಗಿರೋದು, ಆದರೆ ತಡೀದಿದ್ರೆ ಯಾರಾದ್ರೂ ಸಾಯ್ತಾರೆ ಅಥವಾ ತೀವ್ರ ಗಾಯ ಆಗತ್ತೆ ಅನ್ನೋ ಭಯಕ್ಕೆ ಸರಿಯಾದ ಕಾರಣ ಇರೋ ಪರಿಸ್ಥಿತಿಯಲ್ಲಿ. ಫಾರ್ವರ್ಡ್ ಮಾಡಿದವರು ಎರಡನೇದನ್ನ ಮಾತ್ರ ಎತ್ಕೊಂಡು ಹಾಕಿದ್ದಾರೆ.

ಆ ಎರಡನೇದರಲ್ಲೂ "ಕನ್ನ" ಅನ್ನೋ ಮಾತನ್ನ ಜನ ನೋಡೋದಿಲ್ಲ. ಪೊಲೀಸ್ ಸ್ಟೇಷನ್ ಭಾಷೆಯಲ್ಲಿ "ರಾತ್ರಿ ಕನ್ನ ಕಳವು" ಅಂತ ಬರೀತಾರಲ್ಲ, ಅದು. ಬಾಗಿಲು ತೆರೆದಿತ್ತು, ಒಳಗೆ ಬಂದ ಅಂದ್ರೆ ಅದು ಕನ್ನ ಆಗಲ್ಲ. ಗೋಡೆ ಕೊರೆದು, ಗೋಡೆ ಹತ್ತಿ, ಬೀಗ ತೆಗೆದು, ಚಿಲಕಕ್ಕೆ ತಂತಿ ಹಾಕಿ ಎಬ್ಬಿಸಿ, ಯಾರನ್ನಾದ್ರೂ ಹೊಡೆದು ಒಳಗೆ ಬಂದರೆ ಕನ್ನ. ನೀವು ಕಳ್ಕೊಂಡ ಕೀ ಸಿಕ್ಕವನು ಅದೇ ಕೀಯಿಂದ ನಿಮ್ಮ ಬಾಗಿಲು ತೆಗೆದು ನುಗ್ಗಿದ್ರೂ ಕನ್ನವೇ. ಮನುಷ್ಯರು ಬರೋಕೆ ಅಂತ ಮಾಡಿರದ ದಾರಿಯಲ್ಲಿ ಬರೋದೂ ಈ ಲಿಸ್ಟಲ್ಲಿದೆ. ಇದನ್ನ ಓದಿದಾಗ ನನಗೆ ತಕ್ಷಣ ನೆನಪಾಗಿದ್ದು ಚಿತ್ರದುರ್ಗದ ಕಿಂಡಿ. ಒನಕೆ ಓಬವ್ವನ ಮುಂದೆ ಹೈದರಾಲಿಯ ಸೈನಿಕರು ಬಂದ ದಾರಿ ಅಂಥದ್ದೇ. ಅದು ಯುದ್ಧ, ಅದಕ್ಕೆ ಬಿಎನ್‌ಎಸ್ ಅನ್ವಯಿಸಲ್ಲ ಬಿಡಿ, ಆದರೆ ಸೆಕ್ಷನ್ ನೆನಪಿಟ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಲ್ಲ.

ಇನ್ನೊಂದು ಷರತ್ತೂ ಇದೆ. ಒಳಗೆ ಬಂದವನ ಉದ್ದೇಶ ಕೆಟ್ಟದಾಗಿರಬೇಕು. ಅಪರಾಧ ಮಾಡೋಕೆ, ಹೆದರಿಸೋಕೆ, ಅವಮಾನ ಮಾಡೋಕೆ, ಕಿರಿಕಿರಿ ಮಾಡೋಕೆ ಬಂದಿದ್ರೆ ಮಾತ್ರ ಅದು ಕ್ರಿಮಿನಲ್ ಅತಿಕ್ರಮ ಪ್ರವೇಶ. ಕುಡಿದು ಮನೆ ನಂಬರ್ ತಪ್ಪಿ ಬಂದು ನಿಮ್ಮ ಸೋಫಾ ಮೇಲೆ ಮಲಗಿದವನು ಕಳ್ಳನೂ ಅಲ್ಲ, ಕನ್ನ ಹಾಕಿದವನೂ ಅಲ್ಲ.

ಫಾರ್ವರ್ಡ್‌ನಲ್ಲಿ ಬಿಟ್ಟಿರೋ ಅತಿ ಮುಖ್ಯವಾದ ಮಾತು ಇನ್ನೂ ಬಂದಿಲ್ಲ. 41ನೇ ಸೆಕ್ಷನ್ ಶುರುವಿನಲ್ಲೇ "37ನೇ ಸೆಕ್ಷನ್‌ನ ಮಿತಿಗೆ ಒಳಪಟ್ಟು" ಅನ್ನತ್ತೆ. 37 ಏನು ಹೇಳತ್ತೆ ಅಂದ್ರೆ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ. ಪೊಲೀಸರ ಸಹಾಯ ಪಡೆಯೋಕೆ ಸಮಯ ಇದ್ದರೆ ಈ ಹಕ್ಕೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 41 ಒಂದು ಫಂಕ್ಷನ್, ಅದು ಪ್ರತಿ ಸಲ ಓಡೋ ಮೊದಲು 37ನ್ನ ಕಾಲ್ ಮಾಡತ್ತೆ. 37 ಫಾಲ್ಸ್ ಕೊಟ್ರೆ ರಾತ್ರಿ ಹನ್ನೆರಡು ಗಂಟೆ ಆಗಿದ್ರೂ ಪ್ರಯೋಜನ ಇಲ್ಲ. ಕನ್ನ ಹಾಕಿದವನು ನಿಮ್ಮನ್ನ ನೋಡಿ ಕೈ ಎತ್ತಿ ಮೂಲೇಲಿ ಕೂತುಬಿಟ್ಟ ಅಂದ್ಕೊಳ್ಳಿ. ಆಮೇಲೆ ಅವನ ತಲೆಗೆ ರಾಡ್‌ನಿಂದ ಹೊಡೆದರೆ ಅದು ರಕ್ಷಣೆ ಅಲ್ಲ, ಸಿಟ್ಟು.

ಹಾಗಂತ ಕೋರ್ಟುಗಳು ನಮ್ಮ ಕೈಗೆ ಸ್ಕೇಲ್ ಕೊಟ್ಟು ಅಳೆದು ಹೊಡೀರಿ ಅಂತಾನೂ ಹೇಳಲ್ಲ. 2010ರ ದರ್ಶನ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಈ ತತ್ವಗಳನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡಿದೆ. ಜೀವಭಯದಲ್ಲಿ ಇರೋ ಮನುಷ್ಯ ಪ್ರತಿ ಏಟನ್ನೂ ಲೆಕ್ಕ ಹಾಕಿ ಕೊಡೋಕೆ ಆಗಲ್ಲ, ಹೇಡಿ ಥರ ಓಡಿಹೋಗಬೇಕಾಗಿಯೂ ಇಲ್ಲ ಅನ್ನೋದು ಅದರ ತಾತ್ಪರ್ಯ. ಏಸಿ ರೂಮಲ್ಲಿ ಕೂತು ಯೋಚನೆ ಮಾಡೋದಕ್ಕೂ ಕತ್ತಲಲ್ಲಿ ಮಚ್ಚು ಹಿಡಿದವನನ್ನ ನೋಡೋದಕ್ಕೂ ಇರೋ ವ್ಯತ್ಯಾಸ ಜಡ್ಜ್‌ಗಳಿಗೂ ಗೊತ್ತು. ಆದರೆ ಅಪಾಯ ಮುಗಿದ ಕ್ಷಣ ಹಕ್ಕೂ ಮುಗೀತು. 1963ರ ಜೈ ದೇವ್ ಕೇಸಲ್ಲಿ ಎದುರಾಳಿಗಳು ಓಡೋಕೆ ಶುರು ಮಾಡಿದ ಮೇಲೆ ದೂರದಿಂದ ಹಾರಿಸಿದ ಗುಂಡನ್ನ ಕೋರ್ಟ್ ರಕ್ಷಣೆ ಅಂತ ಒಪ್ಪಲಿಲ್ಲ.

ಇಂಗ್ಲೆಂಡಲ್ಲಿ ಇದೇ ವಿಷಯ ದೊಡ್ಡ ಗಲಾಟೆ ಆಗಿತ್ತು. 1999ರಲ್ಲಿ ನಾರ್ಫೋಕ್‌ನ ರೈತ ಟೋನಿ ಮಾರ್ಟಿನ್ ರಾತ್ರಿ ತನ್ನ ಮನೆಗೆ ನುಗ್ಗಿದವರ ಮೇಲೆ ಗುಂಡು ಹಾರಿಸಿದ. ಸತ್ತವನು 16 ವರ್ಷದ ಹುಡುಗ, ಗುಂಡು ಬಿದ್ದಿದ್ದು ಬೆನ್ನಿಗೆ. ಮೊದಲು ಕೊಲೆ ಅಂತ ಶಿಕ್ಷೆ ಆಯ್ತು, 2001ರಲ್ಲಿ ಅಪೀಲಿನಲ್ಲಿ ಅದು ಕೊಲೆಯಲ್ಲದ ನರಹತ್ಯೆಗೆ ಇಳೀತು. ಅರ್ಧ ದೇಶ ಅವನ ಪರ, ಅರ್ಧ ದೇಶ ಆ ಹುಡುಗನ ಪರ. 2013ರಲ್ಲಿ ಅಲ್ಲಿ ಕಾನೂನೇ ಬದಲಾಯ್ತು, ಮನೆಯವರು ಬಳಸಿದ ಬಲ ತೀರಾ ಮಿತಿಮೀರಿದ್ದರೆ ಅದಕ್ಕೆ ರಕ್ಷಣೆಯೇ ಇಲ್ಲ, ಸ್ವಲ್ಪ ಹೆಚ್ಚಾಗಿದ್ದರೆ ಆ ಸಂದರ್ಭದಲ್ಲಿ ಅದು ಸಹಜವೇ ಅಂತ ನೋಡ್ತಾರೆ. ನಮ್ಮಲ್ಲಿ ಹಕ್ಕು ಮೀರಿ ಒಳ್ಳೆ ನಂಬಿಕೆಯಿಂದ, ಮೊದಲೇ ಯೋಚಿಸದೆ ಕೊಂದರೆ ಅದು ಕೊಲೆ ಆಗಲ್ಲ, ಕೊಲೆಯಲ್ಲದ ನರಹತ್ಯೆ ಆಗತ್ತೆ. ಅಂದರೆ ಬಿಡುಗಡೆ ಅಂತ ಅಲ್ಲ, ಜೈಲು ಇದ್ದೇ ಇದೆ.

ಈಗ ಓಮ್ಸ್ ಲಾ.

ನಮ್ಮ ಅಜ್ಜಿ ಊರಲ್ಲಿ ಒಬ್ಬರೇ ಇರೋದು. ಹಿಂದಿನ ಬೀದೀಲಿ ಪಂಪ್‌ಸೆಟ್ ಕೇಬಲ್ಲು, ಹಿತ್ತಲಲ್ಲಿದ್ದ ತಾಮ್ರದ ಹಂಡೆ ಕಳುವಾದ ಮೇಲೆ ದೊಡ್ಡಪ್ಪ ಫೋನ್ ಮಾಡಿ, "ನೋಡೋ, ಹಿತ್ತಲ ಬಾಗಿಲ ಗ್ರಿಲ್ಲಿಗೆ ರಾತ್ರಿ ಹೊತ್ತು ಕರೆಂಟ್ ಬಿಟ್ಟುಬಿಡೋಣ. ನೀನು ಎಲೆಕ್ಟ್ರಿಕಲ್ ಓದ್ತಿದ್ದೀಯಲ್ಲ, ದಸರಾ ರಜೆಗೆ ಬಂದಾಗ ಮಾಡಿಕೊಡು" ಅಂದ್ರು. ದೊಡ್ಡಪ್ಪ ಕ್ರೂರಿ ಅಲ್ಲ. ಎಂಬತ್ತು ವರ್ಷದ ಅಮ್ಮ ಒಬ್ಬರೇ ಇದ್ದಾರೆ ಅನ್ನೋ ಚಿಂತೆ ಅವರಿಗೆ. ನಮ್ಮ ಬ್ಯಾಚಲ್ಲೂ ಮಿನಿ ಪ್ರಾಜೆಕ್ಟ್‌ಗೆ "ಸ್ಮಾರ್ಟ್ ಶಾಕ್ ಡೋರ್" ಅಂತ ಐಡಿಯಾ ಇಟ್ಕೊಂಡು ಓಡಾಡ್ತಿದ್ದ ಒಂದು ಟೀಮ್ ಇತ್ತು. ಇಬ್ಬರಿಗೂ ಸೇರಿ ಉತ್ತರ ಬರೀತೀನಿ.

ಒದ್ದೆ ಕೈ, ಬರಿಗಾಲು, ನೆಲ ತೇವ ಇದ್ದರೆ ಮನುಷ್ಯನ ದೇಹದ ರೆಸಿಸ್ಟೆನ್ಸ್ ಸುಮಾರು 1000 ಓಮ್ ಅಂತ ಇಟ್ಕೊಳ್ಳೋಣ. 230 ವೋಲ್ಟ್ ಭಾಗಿಸು 1000, ಅಂದ್ರೆ 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೇ ಸ್ನಾಯು ಬಿಗಿದು, ಹಿಡಿದ ಗ್ರಿಲ್ ಬಿಡೋಕೆ ಆಗಲ್ಲ. ಅದರ ಹಲವು ಪಟ್ಟು ಕರೆಂಟ್ ಒಂದೆರಡು ಸೆಕೆಂಡ್ ಎದೆ ಮೂಲಕ ಹರಿದರೆ ಹೃದಯ ಲಯ ತಪ್ಪತ್ತೆ. ಮತ್ತೆ, ಓವರ್‌ಲೋಡ್ ಆದ್ರೆ ಎಂಸಿಬಿ ಬೀಳತ್ತೆ ಅಂತ ನಂಬ್ಕೊಂಡಿರೋರಿಗೆ, 6 ಆಂಪಿಯರ್ ಎಂಸಿಬಿಗೆ 0.23 ಆಂಪಿಯರ್ ಅಂದ್ರೆ ಮನೆಯಲ್ಲಿ ಇನ್ನೊಂದು ಚಿಕ್ಕ ಬಲ್ಬ್ ಉರಿದ ಹಾಗೆ. ಅದು ಗಮನಿಸೋದೂ ಇಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ರೆ ಬೀಳತ್ತೆ. ಆದರೆ ಅದು ಇರೋ ಮನೆಯಲ್ಲಿ ಈ ಗ್ರಿಲ್ ಐಡಿಯಾ ಮೊದಲ ಮಳೆಗೇ ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗತ್ತೆ. ಹಾಗಾಗಿ ಇಂಥ ಕೆಲಸ ಮಾಡೋರು ಮೊದಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡ್ತಾರೆ.

ಹಾಗಾದ್ರೆ ತೋಟದ ಸೋಲಾರ್ ಬೇಲಿ? ಅದು ಬೇರೆ ಜಾತಿ. ಅದರ ಎನರ್ಜೈಸರ್ ಕೊಡೋದು ಪಲ್ಸ್. ವೋಲ್ಟೇಜ್ ಸಾವಿರಗಟ್ಟಲೆ ಇರತ್ತೆ, ಆದರೆ ಸ್ಟ್ಯಾಂಡರ್ಡ್ ಪ್ರಕಾರ ಒಂದು ಪಲ್ಸ್ 10 ಮಿಲಿಸೆಕೆಂಡಿಗಿಂತ ಹೆಚ್ಚಿರಬಾರದು, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬರಬಾರದು, 500 ಓಮ್ ಲೋಡಿಗೆ ಒಂದು ಪಲ್ಸಲ್ಲಿ 5 ಜೂಲ್ ಮೀರಬಾರದು. ಮಧ್ಯದ ಬಿಡುವಿನಲ್ಲಿ ಕೈ ಕಿತ್ತುಕೊಳ್ಳಬಹುದು. ನೇರ ಮೇನ್ಸ್ ಆದ್ರೆ ಅದೇ 1000 ಓಮ್ ಲೆಕ್ಕದಲ್ಲಿ ಪ್ರತಿ ಸೆಕೆಂಡೂ ಸುಮಾರು 53 ಜೂಲ್, ಬಿಡುವೇ ಇಲ್ಲ. ಕಾಡುಹಂದಿಗೆ, ಆನೆಗೆ ಅಂತ ಲೈನಿಗೆ ಕೊಕ್ಕೆ ಹಾಕಿ ಬೇಲಿಗೆ ಕರೆಂಟ್ ಕೊಟ್ಟು, ಬೆಳಿಗ್ಗೆ ಅದೇ ಬೇಲೀಲಿ ಪಕ್ಕದ ಹೊಲದವರೋ ಮನೆಯವರೋ ಸಿಕ್ಕಿಬಿದ್ದ ಸುದ್ದಿ ಜಿಲ್ಲಾ ಪುಟದಲ್ಲಿ ಓದಿರ್ತೀರ. ತಂತಿಗೆ ಯಾರು ಕಳ್ಳ ಯಾರು ಮೊಮ್ಮಗ ಅಂತ ಗೊತ್ತಾಗಲ್ಲ.

ಕಾನೂನು ಈ ಬಗ್ಗೆ ಏನು ಹೇಳತ್ತೆ ಅನ್ನೋದಕ್ಕೆ ಸರಿಯಾಗಿ ಇದೇ ಕೇಸ್ ಇದೆ, ಬಿಹಾರದ ಚೆರುಬಿನ್ ಗ್ರೆಗೊರಿ ಕೇಸ್. ಅದನ್ನ ಓದಿದ ಮೇಲೆ ಎರಡು ದಿನ ತಲೆಯಿಂದ ಹೋಗಲಿಲ್ಲ. ಪಕ್ಕದ ಮನೆಯ ಹೆಂಗಸಿನ ಕಕ್ಕಸಿನ ಗೋಡೆ ಬಿದ್ದುಹೋಗಿತ್ತು. ಮರೆ ಇಲ್ಲದೆ ಆಕೆ ಇವನ ಕಕ್ಕಸಿಗೆ ಬರೋಕೆ ಶುರು ಮಾಡಿದ್ಲು. ಬರಬೇಡ ಅಂತ ಇವನು ಬೈದ, ಕೇಳಲಿಲ್ಲ. ಆಮೇಲೆ ಕಕ್ಕಸಿಗೆ ಹೋಗೋ ದಾರಿಗೆ ಅಡ್ಡವಾಗಿ ಬರಿ ತಾಮ್ರದ ತಂತಿ ಕಟ್ಟಿ ಮನೆಯ ವೈರಿಂಗಿಂದ ಕರೆಂಟ್ ಕೊಟ್ಟ. ತಂತೀಲಿ ಕರೆಂಟ್ ಇದೆ ಅಂತ ಯಾರಿಗೂ ಹೇಳಲಿಲ್ಲ. ಆಕೆ ಒಳಗೆ ಹೋಗುವಾಗ ತಂತಿ ತಾಗಲಿಲ್ಲ, ಹೊರಗೆ ಬರುವಾಗ ಕೈ ತಾಗಿತು. ಸತ್ತಳು. 1963ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆ ಎತ್ತಿಹಿಡೀತು. ಅವಳು ಅತಿಕ್ರಮ ಪ್ರವೇಶ ಮಾಡಿದ್ದು ನಿಜ, ಆದರೆ ಅಷ್ಟಕ್ಕೇ ಅವಳು ಕಾನೂನಿನ ಹೊರಗಿನವಳಾಗಲ್ಲ. ಒಳಗೆ ಬರೋರಿಗೆ ಬೇಕಂತಲೇ ಗಾಯ ಆಗೋ ಹಾಗೆ ಮಾಡೋ ಹಕ್ಕು ಮನೆ ಯಜಮಾನನಿಗಿಲ್ಲ. ಆಗ ಅವನ ಮೇಲೆ ಸಾಬೀತಾಗಿದ್ದು ನಿರ್ಲಕ್ಷ್ಯದಿಂದ ಸಾವು ತಂದಿದ್ದು, ಐಪಿಸಿ 304ಎ. ಅದಕ್ಕೆ ಗರಿಷ್ಠ ಎರಡು ವರ್ಷ ಇತ್ತು, ಈಗ ಬಿಎನ್‌ಎಸ್ 106ರಲ್ಲಿ ಐದು ವರ್ಷ ಆಗಿದೆ.

ಅಮೆರಿಕಾದಲ್ಲಿ ಮನೆಗೆ ಬಂದವನನ್ನ ಶೂಟ್ ಮಾಡಬಹುದು ಅಂತ ರೀಲ್ಸ್ ನೋಡಿ ಹೇಳೋರು ಇದ್ದಾರೆ. ಅಲ್ಲೂ ಯಂತ್ರಕ್ಕೆ ಆ ಹಕ್ಕಿಲ್ಲ. ಅಯೋವಾ ರಾಜ್ಯದಲ್ಲಿ ಬ್ರೈನಿ ಅನ್ನೋ ದಂಪತಿ, ಯಾರೂ ವಾಸ ಇಲ್ಲದ ತಮ್ಮ ಹಳೇ ತೋಟದ ಮನೆಯಲ್ಲಿ, ಬಾಗಿಲು ತೆಗೆದ ತಕ್ಷಣ ಗುಂಡು ಹಾರೋ ಹಾಗೆ ಶಾಟ್‌ಗನ್ ಕಟ್ಟಿಟ್ಟರು. ಹಳೇ ಬಾಟಲಿ, ಭರಣಿ ಹುಡುಕ್ತಾ ನುಗ್ಗಿದ ಕಾಟ್ಕೋ ಅನ್ನೋನ ಕಾಲಿಗೆ ಗುಂಡು ಬಿತ್ತು. ಅವನು ಕದಿಯೋಕೇ ಬಂದಿದ್ದು, ಅದನ್ನ ಒಪ್ಕೊಂಡಿದ್ದ. ಆದ್ರೂ 1971ರಲ್ಲಿ ಅಯೋವಾ ಸುಪ್ರೀಂ ಕೋರ್ಟ್ ಅವನಿಗೆ 30,000 ಡಾಲರ್ ಪರಿಹಾರ ಕೊಡಬೇಕು ಅನ್ನೋ ತೀರ್ಪನ್ನ ಎತ್ತಿಹಿಡೀತು. ಇದರ ಲಾಜಿಕ್ ನನಗೆ ಸರಿ ಅನ್ಸತ್ತೆ. ರಕ್ಷಣೆಯ ಹಕ್ಕು ನಿಂತಿರೋದೇ ಆ ಕ್ಷಣದಲ್ಲಿ ಒಬ್ಬ ಮನುಷ್ಯನಿಗೆ ಆಗೋ ಭಯದ ಮೇಲೆ, ಎದುರಿಗಿರೋನನ್ನ ನೋಡಿ ಅವನು ಮಾಡೋ ತೀರ್ಮಾನದ ಮೇಲೆ. ಮನೆಯಲ್ಲಿ ಯಾರೂ ಇಲ್ಲದಾಗ ಭಯ ಪಡೋರು ಯಾರು? ಶಾಟ್‌ಗನ್ನಿಗೆ ಭಯ ಆಗಲ್ಲ, ಎಂಸಿಬಿಗೂ ಆಗಲ್ಲ.

ದೊಡ್ಡಪ್ಪನಿಗೆ ಇದನ್ನೆಲ್ಲ ಫೋನಲ್ಲೇ ಹೇಳಿದೆ. "ಬೆಳಿಗ್ಗೆ ಸ್ವಿಚ್ ಆಫ್ ಮಾಡೋಕೆ ಅಜ್ಜಿ ಮರೆತರೆ ಏನ್ ಮಾಡ್ತೀರ ದೊಡ್ಡಪ್ಪ, ಹಾಲಿನವನು ಬರೋದೂ ಅದೇ ಬಾಗಿಲಿಗೆ" ಅಂದಾಗ ಸುಮ್ಮನಾದರು. ಸುಪ್ರೀಂ ಕೋರ್ಟಿಗಿಂತ ಹಾಲಿನವನೇ ಜಾಸ್ತಿ ಕೆಲಸ ಮಾಡಿದ. ರಜೆಯಲ್ಲಿ ಹೋಗಿ ಪಿಐಆರ್ ಸೆನ್ಸರ್, ರಿಲೇ, ಹಿತ್ತಲಿಗೆ ಒಂದು ಫ್ಲಡ್‌ಲೈಟ್, ಪಕ್ಕದ ಮನೆಗೆ ಕೇಳೋ ಹಾಗೆ ಒಂದು ಸೈರನ್ ಹಾಕಿ ಬಂದೆ. ಮೊದಲ ವಾರ ಬೆಕ್ಕಿಗೆಲ್ಲ ಕೂಗ್ತಿತ್ತು, ಸೆನ್ಸಿಟಿವಿಟಿ ಇಳಿಸಿದ ಮೇಲೆ ಸರಿಹೋಯ್ತು. ಶಾಕ್ ಡೋರ್ ಟೀಮಿಗೂ ಇದನ್ನೇ ಹೇಳೋದು, ಔಟ್‌ಪುಟ್ ಪಿನ್ನಿಗೆ ಸೈರನ್ ಕಟ್ಟಿ. ಗೈಡ್ ಕೂಡ ಒಪ್ತಾರೆ.

ಕೊಡಗಿನ ಗೆಳೆಯರು ಕೇಳಬಹುದು, ನಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ. ಆ ವಿನಾಯಿತಿ ಕೋವಿ ಇಟ್ಕೊಳ್ಳೋದಕ್ಕೆ. ಅದನ್ನ ಯಾವಾಗ ಹಾರಿಸಬಹುದು ಅನ್ನೋದಕ್ಕೆ ಎಲ್ಲರಿಗೂ ಇರೋ 37, 41ನೇ ಸೆಕ್ಷನ್‌ಗಳೇ.

ಇನ್ನು ಹಾಸ್ಟೆಲ್, ಪಿಜಿಯವರು ಓದಲೇಬೇಕಾದ ಒಂದು ಉದಾಹರಣೆ ಕಾನೂನಿನ ಪುಸ್ತಕದಲ್ಲೇ ಇದೆ, 36ನೇ ಸೆಕ್ಷನ್ ಕೆಳಗೆ. ಒಬ್ಬ ತಾನು ಹೋಗೋ ಹಕ್ಕಿರೋ ಮನೆಗೇ ರಾತ್ರಿ ಹೋಗ್ತಾನೆ. ಒಳಗಿದ್ದವನು ಅವನನ್ನ ಕಳ್ಳ ಅಂತ ಪ್ರಾಮಾಣಿಕವಾಗಿ ನಂಬಿ ಹೊಡೀತಾನೆ. ಹೊಡೆದವನದ್ದು ಅಪರಾಧ ಅಲ್ಲ. ಆದರೆ ಏಟು ತಿಂದವನಿಗೂ ತಿರುಗಿ ಹೊಡೆಯೋ ಹಕ್ಕು ಅಷ್ಟೇ ಇದೆ! ರಾತ್ರಿ ಎರಡು ಗಂಟೆಗೆ ಗೇಟ್ ಹಾಕಿದೆ ಅಂತ ಪೈಪ್ ಹಿಡ್ಕೊಂಡು ಬಾಲ್ಕನಿಗೆ ಹತ್ತೋರು ದಯವಿಟ್ಟು ಮೊದಲು ರೂಮ್‌ಮೇಟ್‌ಗೆ ಫೋನ್ ಮಾಡಿ. ಇಬ್ಬರೂ ಕಾನೂನು ಪ್ರಕಾರ ಸರಿ ಇದ್ದು, ಇಬ್ಬರೂ ಆಸ್ಪತ್ರೆಯಲ್ಲಿ ಇರಬಹುದು.

ಈ "ಪ್ರಾಮಾಣಿಕವಾಗಿ ನಂಬಿ" ಅನ್ನೋದನ್ನ ಗುಂಪು ಬಳಸೋಕೆ ಹೊರಟರೆ ಏನಾಗತ್ತೆ ಅನ್ನೋದು ನಮ್ಮ ರಾಜ್ಯದಲ್ಲೇ ಆಗಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ವದಂತಿ ಹರಡಿ, ಹೈದರಾಬಾದಿಂದ ಬಂದಿದ್ದ ಒಬ್ಬ ಯುವ ಇಂಜಿನಿಯರನ್ನ ಜನ ಹೊಡೆದು ಕೊಂದರು. ಅವನು ಯಾರ ಮನೆಗೂ ಕನ್ನ ಹಾಕಿರಲಿಲ್ಲ. ಕಾರಲ್ಲಿ ಓಡಿಹೋಗ್ತಿದ್ದವರನ್ನ ಅಟ್ಟಿಸಿಕೊಂಡು ಹೋಗಿ ಹೊಡೆದಿದ್ದು ಯಾವ ಸೆಕ್ಷನ್ನಿನ ರಕ್ಷಣೆಗೂ ಬರಲ್ಲ.

ಕಳ್ಳ ನಿಜವಾಗ್ಲೂ ಕೈಗೆ ಸಿಕ್ಕರೆ? ಹಿಡಿದಿಟ್ಕೊಳ್ಳಬಹುದು. ಕಣ್ಣೆದುರಿಗೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಮಾಡಿದವನನ್ನ ಯಾರು ಬೇಕಾದ್ರೂ ಹಿಡೀಬಹುದು ಅಂತ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಹೇಳತ್ತೆ. ಆದರೆ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆ ಒಳಗೆ ಪೊಲೀಸರಿಗೆ ಒಪ್ಪಿಸಬೇಕು. ಲೈಟ್ ಕಂಬಕ್ಕೆ ಕಟ್ಟಿ ಬೆಳಗಾಗೋ ತನಕ ಬೀದಿಯವರೆಲ್ಲ ಸರದಿ ಪ್ರಕಾರ ಹೊಡೆದು ವಿಡಿಯೋ ಮಾಡಿದ್ರೆ ಆ ವಿಡಿಯೋ ನಿಮ್ಮ ವಿರುದ್ಧವೇ ಸಾಕ್ಷಿ.

ಏನೇ ಆದ್ರೂ ಕೇಸ್ ಆಗಲ್ಲ ಅಂತ ಮಾತ್ರ ಅಂದ್ಕೋಬೇಡಿ. ಒಬ್ಬ ಮನುಷ್ಯ ಸತ್ತರೆ ಪೊಲೀಸರು ಎಫ್‌ಐಆರ್ ಹಾಕ್ತಾರೆ, ಹಾಕಲೇಬೇಕು. ಅದು ಖಾಸಗಿ ರಕ್ಷಣೆ ಆಗಿತ್ತು ಅಂತ ತೋರಿಸೋ ಹೊರೆ, ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಪ್ರಕಾರ, ನಮ್ಮ ಮೇಲೆ. ಸರ್ಕಾರಿ ವಕೀಲರ ಹಾಗೆ ಸಂಶಯ ಉಳಿಯದಂತೆ ಸಾಬೀತು ಮಾಡಬೇಕಾಗಿಲ್ಲ, ಹೀಗೇ ಆಗಿರೋ ಸಾಧ್ಯತೆ ಹೆಚ್ಚು ಅಂತ ತೋರಿಸಿದರೆ ಸಾಕು. ಆಗ ನೆರವಿಗೆ ಬರೋದು ಮುರಿದ ಚಿಲಕ, ಅವನ ಕೈಯಲ್ಲಿದ್ದ ಆಯುಧ, ನಿಮಗಾದ ಗಾಯ, 112ಕ್ಕೆ ನೀವು ಮಾಡಿದ ಕಾಲ್‌ನ ಸಮಯ. ಹಾಗಾಗಿ ಮನೇಲಿ ಸದ್ದಾದರೆ ಮೊದಲು 112 ಒತ್ತಿ, ಲೈಟ್ ಹಾಕಿ, ಕೂಗಿ. ಆಮೇಲೆ ಯಾವುದನ್ನೂ ಒರೆಸಬೇಡಿ, ಏನನ್ನೂ ಜಾಗ ಬದಲಿಸಬೇಡಿ, ಪೊಲೀಸರು ಬರೋ ತನಕ ಇದ್ದದ್ದು ಇದ್ದ ಹಾಗೇ ಇರಲಿ.